ಸಿಕ್ಯೂ ಅಂತ ಕರೆದ ಕೂಡಲೇ ಹ್ಯಾಮ್ ರೇಡಿಯೋ ಆಫ್! 40 ಮೀಟರ್ ಬ್ಯಾಂಡ್‌ನಲ್ಲಿ ಮಾತ್ರ. ಯಾರಾದ್ರೂ ದಾರಿ ಹೇಳಿ

ಮಂಜಿನೂರು
ನಮಸ್ಕಾರ. ತಲೆ ಕೆಟ್ಟುಹೋಗಿದೆ. ಮೊನ್ನೆ ಭಾನುವಾರ ಹ್ಯಾಮ್ ಕ್ಲಬ್‌ನವರೆಲ್ಲ ಸೇರಿ ಕೊಡಗಿನ ಮಾದಾಪುರದ ಮೇಲೆ ಪರಿಚಯದವರ ತೋಟದ ಗುಡ್ಡದಲ್ಲಿ ಸ್ಟೇಷನ್ ಹಾಕಿದ್ದೆವು. ಸ್ಕೌಟ್‌ಗಳು ರೇಡಿಯೋದಲ್ಲಿ ಸೇರುವ ಅಕ್ಟೋಬರ್ ಜಾಂಬೂರಿ ಅಲ್ವಾ, ಸ್ಕೌಟ್ ಮಕ್ಕಳು ಹದಿನೈದು ಜನ ಬಂದಿದ್ದರು. ಬೆಳಿಗ್ಗೆ 20 ಮೀಟರ್ ಬ್ಯಾಂಡ್‌ನಲ್ಲಿ ಎಲ್ಲ ಚೆನ್ನಾಗಿತ್ತು. ಹನ್ನೊಂದರ ಮೇಲೆ ಬೆಂಗಳೂರು, ಮಂಗಳೂರಿನವರ ಜೊತೆ ಮಕ್ಕಳನ್ನು ಮಾತಾಡಿಸೋಣ ಅಂತ 40 ಮೀಟರ್‌ಗೆ ಬಂದೆವು. ಅಲ್ಲಿಂದ ಶುರು. ಮೈಕಿನ ಪಿಟಿಟಿ ಗುಂಡಿ ಒತ್ತಿ ಸಿಕ್ಯೂ (ಯಾರಾದ್ರೂ ಇದ್ದೀರಾ ಅನ್ನೋ ಕರೆ) ಅಂದ ಕೂಡಲೇ ರೇಡಿಯೋ ಟಪ್ ಅಂತ ಆಫ್. ಎರಡು ಸೆಕೆಂಡಿಗೆ ತಾನೇ ಆನ್. ಮತ್ತೆ ಮಾತಾಡಿದರೆ ಮತ್ತೆ ಆಫ್. ಮಕ್ಕಳು ನಗೋಕೆ ಶುರು ಮಾಡಿದರು.

100 ವಾಟಿನ ರಿಗ್ (ರೇಡಿಯೋ ಸೆಟ್). ಮನೆಯಲ್ಲಿ ಒಂದು ದಿನವೂ ಹೀಗಾಗಿಲ್ಲ. ಆಂಟೆನಾ ಎಂಡ್ ಫೆಡ್ (ಒಂದೇ ತುದಿಯಿಂದ ಸಿಗ್ನಲ್ ಕೊಡೋದು), 20 ಮೀಟರ್ ಉದ್ದದ ವೈರು, 49:1 ಟ್ರಾನ್ಸ್‌ಫಾರ್ಮರ್, ಸಿಲ್ವರ್ ಓಕ್ ಮರಕ್ಕೆ ಎಳೆದಿದ್ದೆವು. ಎಸ್‌ಡಬ್ಲ್ಯುಆರ್ 1.4, ಅಂದರೆ ಆಂಟೆನಾ ರಿಗ್‌ಗೆ ಚೆನ್ನಾಗೇ ಹೊಂದಿತ್ತು. ಬ್ಯಾಟರಿ ಫುಲ್. ಏನಿರಬಹುದು?

ಹಳೇ ವಾಲ್ವ್
ಎಂಡ್ ಫೆಡ್ ಅಂದಲ್ಲಿಗೇ ಗೊತ್ತಾಯಿತು. ಆ ಆಂಟೆನಾಕ್ಕೆ ಇನ್ನೊಂದು ಕಾಲಿಲ್ಲ. ನೀವು ಕೌಂಟರ್‌ಪಾಯ್ಸ್ ಅಂತ ಇನ್ನೊಂದು ವೈರು ಕೊಡದಿದ್ದರೆ ಅದು ಕೋಆಕ್ಸ್‌ನ (ಆಂಟೆನಾ ಕೇಬಲ್‌ನ) ಹೊರಗಿನ ತಂತಿ ಜಡೆಯನ್ನೇ ಕಾಲು ಮಾಡಿಕೊಳ್ಳುತ್ತೆ. ಆರ್‌ಎಫ್ (ರೇಡಿಯೋ ಸಿಗ್ನಲ್ಲಿನ ಕರೆಂಟು) ಅದರ ಮೇಲೇ ಹರಿದು ರಿಗ್‌ಗೆ, ಅಲ್ಲಿಂದ ಮೈಕ್ ವೈರಿಗೆ ಬರುತ್ತೆ, ಒಳಗಿನ ಪ್ರೊಸೆಸರ್ ರೀಸೆಟ್ ಆಗುತ್ತೆ. 31 ನಂಬರ್ ಫೆರೈಟ್ ರಿಂಗ್ ತಗೊಂಡು ಕೋಆಕ್ಸನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಅದೇ ಚೋಕ್. ಮುಗೀತು.

ಸೋಲ್ಡರ್ ವಾಸನೆ
ಕೋಆಕ್ಸ್ ಯಾವ ವರ್ಷದ್ದು? ಕೊಡಗಿನ ಮಳೆಗೆ ಆರ್‌ಜಿ 58 ಕೇಬಲ್ ಎರಡು ಮಳೆಗಾಲ ತಡೆದರೆ ಹೆಚ್ಚು. ಕನೆಕ್ಟರ್ ಬಿಚ್ಚಿ ನೋಡಿ, ಜಡೆ ಕಪ್ಪಾಗಿದ್ದರೆ ಒಳಗೆ ನೀರು ಹೋಗಿದೆ ಅಂತ ಲೆಕ್ಕ.

ಹಳೇ ವಾಲ್ವ್
ನೀರು ಹೋದರೆ ರಿಗ್ ಆಫ್ ಆಗಲ್ಲ ಮಾರಾಯ್ರೆ. ಸಿಗ್ನಲ್ ಕಮ್ಮಿ ಆಗುತ್ತೆ, ಅಷ್ಟೆ. ಚೋಕ್ ಹಾಕಲಿ ಮೊದಲು.

ಮಂಜಿನೂರು
ಕೋಆಕ್ಸ್ ಹೊಸದು. ನಿನ್ನೆ ಸಂಜೆ ಇಬ್ಬರೇ ಹೋಗಿ ಅದೇ ಜಾಗದಲ್ಲಿ ಚೋಕ್ ಸುತ್ತಿ ನೋಡಿದೆವು, ಎಂಟು ಸುತ್ತು. ಬದಲಾವಣೆ ಇಲ್ಲ. ಕೌಂಟರ್‌ಪಾಯ್ಸ್ ಅಂತ ಎರಡು ಮೀಟರ್ ವೈರು ನೆಲಕ್ಕೆ ಬಿಟ್ಟೆವು, ಅದಕ್ಕೂ ಬಗ್ಗಲಿಲ್ಲ. ಪವರ್ 10 ವಾಟಿಗೆ ಇಳಿಸಿದರೆ ಮಾತ್ರ ಆಫ್ ಆಗಲ್ಲ.

ಹಳೇ ವಾಲ್ವ್
ನೋಡಿದಿರಾ! ಪವರ್ ಇಳಿಸಿದರೆ ಸರಿಯಾಗುತ್ತೆ ಅಂದರೆ ಆರ್‌ಎಫ್ ಫೀಡ್‌ಬ್ಯಾಕ್ ಅನ್ನೋದರಲ್ಲಿ ಅನುಮಾನವೇ ಇಲ್ಲ. ಎಂಟು ಸುತ್ತು ಸಾಲದು, ಹನ್ನೆರಡು ಅಂದಿದ್ದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು, ರಿಗ್ ಹತ್ತಿರ ಒಂದು ಹಾಕಿ.

ತೋಟದ ರೈಟರ್
ರೇಡಿಯೋ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಆದರೆ ಸಿಲ್ವರ್ ಓಕ್‌ಗೆ ವೈರು ಎಳೆದೆವು ಅಂದಿರಲ್ಲ, ಆ ಮರದಲ್ಲಿ ಕರಿಮೆಣಸು ಇರಲಿಲ್ವಾ? ಕಳೆದ ವರ್ಷ ನಮ್ಮ ತೋಟಕ್ಕೂ ಹೀಗೇ ಬಂದಿದ್ದರು. ಕ್ಯಾಟರ್‌ಬಿಲ್‌ನಲ್ಲಿ ಹಗ್ಗ ಹೊಡೆದು, ಎಳೆಯುವಾಗ ಆಳೆತ್ತರದ ಬಳ್ಳಿ ಕಾಯಿ ಸಮೇತ ಕೆಳಗೆ. ಸಾಹುಕಾರರು ಬೈದಿದ್ದು ನನಗೆ.

ಮಂಜಿನೂರು
ಬಳ್ಳಿ ಇಲ್ಲದ ಮರ ನೋಡೇ ಕಟ್ಟಿದ್ದು ಸರ್.

ಕುಶಾಲನಗರ ಬಿದಿರು
ಮರದ ಉಸಾಬರಿಯೇ ಬೇಡ. ನಾನು ಅಡಿಕೆ ಮರದ ದಬ್ಬೆ ಎರಡು ಜೋಡಿಸಿ 40 ಅಡಿ ಕಂಬ ಮಾಡಿದ್ದೇನೆ. ಜೀಪಿನ ಮೇಲೆ ಹೋಗುತ್ತೆ, ಮೂರು ಹಗ್ಗ ಕಟ್ಟಿದರೆ ಗಾಳಿಗೂ ಜಗ್ಗಲ್ಲ. ತುದಿಯಲ್ಲಿ 40 ಮೀಟರ್ ಬ್ಯಾಂಡಿನ ಡೈಪೋಲ್, ಎರಡು ಕೈಯ ಆಂಟೆನಾ, ಒಂದೊಂದು ಕೈ 10 ಮೀಟರ್. ಮಧ್ಯಾಹ್ನ ಬೆಂಗಳೂರು ಪಕ್ಕದ ರೂಮಿನಲ್ಲಿ ಕೂತ ಹಾಗೆ ಕೇಳುತ್ತೆ.

ಸೋಲ್ಡರ್ ವಾಸನೆ
ಬೆಂಗಳೂರಿಗೆ 40 ಅಡಿ ಯಾಕೆ ಬೇಕು? ಡೈಪೋಲನ್ನು ಐದು ಮೀಟರ್ ಎತ್ತರಕ್ಕೆ ಕಟ್ಟಿದರೂ ಸಿಗ್ನಲ್ ನೇರ ಮೇಲೆ ಹೋಗಿ ಹತ್ತಿರದಲ್ಲೇ ಬೀಳುತ್ತೆ. ಹತ್ತಿರದೂರಿಗೆ ಅದೇ ಬೇಕಾಗಿರೋದು. ನೀವು ಸುಮ್ನೆ ಕಂಬ ಹೊತ್ತುಕೊಂಡು ಓಡಾಡ್ತಿದ್ದೀರಿ.

ಕುಶಾಲನಗರ ಬಿದಿರು
ಹೊರೋದು ನಾನು. ನಿಮಗೇನು ಬೆನ್ನು ನೋವು?

ಗೋಣಿಕೊಪ್ಪದ ಕಿವಿ
ಮಂಜಿನೂರು ಅವರೇ, ಒಂದು ಮಾತು. ಪವರ್ ಇಳಿಸಿದರೆ ಆರ್‌ಎಫ್ ಕಮ್ಮಿ ಆಗುತ್ತೆ ನಿಜ. ಆದರೆ ರಿಗ್ ಎಳೆಯುವ ಕರೆಂಟೂ ಕಮ್ಮಿ ಆಗುತ್ತೆ. ಹಾಗಾಗಿ ಆ ಪರೀಕ್ಷೆಯಿಂದ ಏನೂ ಸಾಬೀತಾಗಲ್ಲ. ನನಗೆ ಮೂರು ವಿಷಯ ಹೇಳಿ. ಯಾವ ಬ್ಯಾಟರಿ? ಎಷ್ಟು ದೂರ ಇತ್ತು? ಮಾತಾಡುವಾಗ ರಿಗ್‌ನ ಮೀಟರಿನಲ್ಲಿ ವೋಲ್ಟೇಜ್ ಎಷ್ಟು ತೋರಿಸಿತು?

ಮಂಜಿನೂರು
ಬ್ಯಾಟರಿ ಫುಲ್ ಅಂದೆನಲ್ಲ. ರಿಸೀವ್‌ನಲ್ಲಿ 12.5 ಇತ್ತು.

ಗೋಣಿಕೊಪ್ಪದ ಕಿವಿ
ರಿಸೀವ್‌ನಲ್ಲಿ ಒಂದು ಆಂಪ್ ಎಳೆಯುತ್ತೆ. ಜೋರಾಗಿ ಸಿಕ್ಯೂ ಅಂದಾಗ 20 ಆಂಪ್. ನಾನು ಕೇಳಿದ್ದು ಆಗ ಎಷ್ಟು ಅಂತ. ಡಮ್ಮಿ ಲೋಡ್ ಇದೆಯಾ, ಸಿಗ್ನಲ್ಲನ್ನು ಹೊರಗೆ ಬಿಡದೆ ನುಂಗೋದು? ಆಂಟೆನಾ ಬಿಚ್ಚಿ ಅದನ್ನು ಹಾಕಿ ಮಾತಾಡಿ. ಆಗಲೂ ಆಫ್ ಆದರೆ ವಾಲ್ವ್ ಸರ್ ಚೋಕ್ ಕತೆ ಅಲ್ಲಿಗೇ ಮುಗೀತು.

ಹಳೇ ವಾಲ್ವ್
ಕತೆ ಅಲ್ಲ ತಮ್ಮಾ. 2018ರ ಆಗಸ್ಟ್‌ನಲ್ಲಿ ಇದೇ ಮಾದಾಪುರ ರಸ್ತೆ ಗುಡ್ಡ ಕುಸಿದು ಮುಚ್ಚಿದಾಗ, ಕರೆಂಟಿಲ್ಲ, ಮೊಬೈಲಿಲ್ಲ, ಕಾರ್ ಬ್ಯಾಟರಿ ಮೇಲೆ ನಾಲ್ಕು ದಿನ ರಿಗ್ ನಡೆಸಿದವನು ನಾನು. ಬ್ಯಾಟರಿ ಹೇಗೆ ನಡೆದುಕೊಳ್ಳುತ್ತೆ ಅಂತ ನನಗೆ ಹೇಳಿಕೊಡಬೇಡಿ.

(ಇದಾದ ಮೇಲೆ ಮೂರು ದಿನ ಯಾರೂ ಏನೂ ಬರೆದಿಲ್ಲ. ಬಿದಿರು ಅವರು ಕಂಬದ ನಾಲ್ಕು ಫೋಟೋ ಹಾಕಿದ್ದು ಬಿಟ್ಟರೆ.)

ಮಂಜಿನೂರು
ಡಮ್ಮಿ ಲೋಡ್ ಕ್ಲಬ್‌ನಲ್ಲಿ ಇಲ್ಲ. ಒಂದು ವಿಷಯ ಈಗ ನೆನಪಾಯಿತು, ಮುಖ್ಯವೋ ಇಲ್ಲವೋ ಗೊತ್ತಿಲ್ಲ. ಅವತ್ತು ಒಬ್ಬ ಹುಡುಗಿ "ಅಂಕಲ್, ನೀವು ಕೂಗಿದಾಗೆಲ್ಲ ಡಿಸ್‌ಪ್ಲೇ ಮಂಕಾಗುತ್ತೆ" ಅಂದಳು. ನಾನು ಬಿಸಿಲಿಗೆ ಹಾಗೆ ಕಾಣುತ್ತೆ ಪುಟ್ಟಾ ಅಂದೆ.

ಗೋಣಿಕೊಪ್ಪದ ಕಿವಿ
ಆ ಹುಡುಗಿಗೆ ಲೈಸೆನ್ಸ್ ಪರೀಕ್ಷೆ ಬರೆಸಿ! ಬ್ಯಾಟರಿ ಎಲ್ಲಿತ್ತು ಸ್ವಾಮಿ?

ಮಂಜಿನೂರು
ಜೀಪಿನಲ್ಲಿ. ಜೀಪಿನದೇ ಬ್ಯಾಟರಿ. ಟೆಂಟಿನವರೆಗೆ ಜೀಪು ಬರಲ್ಲ, ಕೆಸರು. ಮೋಟಾರ್ ಮನೆಗೆ ತಂದು ಉಳಿದಿದ್ದ ವೈರು ಇತ್ತು, 2.5 ಸ್ಕ್ವೇರ್ ಎಂಎಂ, ಗಟ್ಟಿಮುಟ್ಟು. ಎಂಟು ಮೀಟರ್ ಬೇಕಾಯಿತು. ಒಂದು ಕಡೆ ಜಾಯಿಂಟ್ ಮಾಡಿ ಟೇಪ್ ಸುತ್ತಿದ್ದೆವು. ಎಲ್ಲರೂ ಹೀಗೇ ತಾನೇ ಮಾಡೋದು?

ಗೋಣಿಕೊಪ್ಪದ ಕಿವಿ
ಬೆಳಿಗ್ಗೆ 20 ಮೀಟರ್‌ನಲ್ಲಿ ಮಾತಾಡುವಾಗ ಇಂಜಿನ್ ಓಡ್ತಿತ್ತಾ?

ಮಂಜಿನೂರು
ಹೌದು. ಹನ್ನೊಂದರ ಹೊತ್ತಿಗೆ ಆಫ್ ಮಾಡಿಸಿದೆವು. ಆ ಗದ್ದಲದಲ್ಲಿ ಮಕ್ಕಳಿಗೆ ಏನೂ ಕೇಳ್ತಿರಲಿಲ್ಲ.

ಗೋಣಿಕೊಪ್ಪದ ಕಿವಿ
ಸಿಕ್ಕಿತಲ್ಲ. ಹೋಗಿ ಬರೋದು ಸೇರಿ 16 ಮೀಟರ್ ವೈರು. 2.5ರ ತಾಮ್ರಕ್ಕೆ ಸುಮಾರು 0.11 ಓಮ್. 20 ಆಂಪ್ ಹರಿದರೆ ವೈರಿನಲ್ಲೇ 2.2 ವೋಲ್ಟ್ ಹೋಯಿತು, ಜಾಯಿಂಟ್ ತಿಂದಿದ್ದು ಬೇರೆ. ಸಾಮಾನ್ಯವಾಗಿ ರಿಗ್‌ಗಳು ಕೇಳೋದು 13.8 ವೋಲ್ಟ್, ಶೇಕಡಾ 15 ಹೆಚ್ಚುಕಮ್ಮಿ. ಅಂದರೆ 11.7ಕ್ಕಿಂತ ಕೆಳಗೆ ಇಳಿದರೆ ಯಾವ ಭರವಸೆಯೂ ಇಲ್ಲ. ಇಂಜಿನ್ ಓಡುವಾಗ 14 ಚಿಲ್ಲರೆ ಇತ್ತು, ಹೇಗೋ ತೂಗಿತು. ಆಫ್ ಮಾಡಿದ ಮೇಲೆ 12.5ರಲ್ಲಿ 2.2 ಕಳೆಯಿರಿ. 40 ಮೀಟರ್ ಬ್ಯಾಂಡಿಗೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಬ್ಯಾಂಡ್ ಬದಲಿಸಿದ್ದೂ ಇಂಜಿನ್ ಆಫ್ ಮಾಡಿದ್ದೂ ಒಂದೇ ಹೊತ್ತಿಗೆ, ಅಷ್ಟೆ.

ಹಳೇ ವಾಲ್ವ್
ಇರಬಹುದು. ಆದರೂ ಎಂಡ್ ಫೆಡ್‌ಗೆ ಚೋಕ್ ಬೇಕೇ ಬೇಕು.

ಸೋಲ್ಡರ್ ವಾಸನೆ
ಜಾಯಿಂಟ್‌ಗೆ ಬೆಸುಗೆ ಹಾಕಿದ್ರಾ, ಸುಮ್ನೆ ತಿರುಚಿದ್ರಾ?

ಮಂಜಿನೂರು
ತಿರುಚಿದ್ದು. ಇವತ್ತು ಮತ್ತೆ ಹೋಗಿದ್ದೆವು, ಈಗಷ್ಟೇ ವಾಪಸ್ ಬಂದೆ. ಮೊದಲು ಹಳೇ ವೈರನ್ನೇ ಹಾಕಿ ರಿಗ್ ಹಿಂದೆ ಮಲ್ಟಿಮೀಟರ್ ಹಿಡಿದೆವು. ಸುಮ್ಮನಿದ್ದಾಗ 12.4. ನಾನು ಸಿಕ್ಯೂ ಅಂತ ಕೂಗಿದಾಗ 10.1ಕ್ಕೆ ಇಳಿದು ಟಪ್. ಆಮೇಲೆ ಜಾಯಿಂಟ್ ನೋಡಲು ಹೋದೆ. ಬೆಳಿಗ್ಗೆ ಮಂಜು ಸಿಕ್ಕಾಪಟ್ಟೆ ಬಿದ್ದಿತ್ತು. ಹುಲ್ಲಿನ ಮೇಲೆ ಮಲಗಿದ್ದ ವೈರಿನ ಉದ್ದಕ್ಕೂ ಸಾಸಿವೆ ಕಾಳಿನಂಥ ಹನಿ. ಟೇಪ್ ಸುತ್ತಿದ್ದ ಗೇಣುದ್ದ ಮಾತ್ರ ಒಣಗಿತ್ತು. ಮುಟ್ಟಿದರೆ ಬೆಚ್ಚಗೆ, ಟೇಪಿನ ಅಂಟು ಬೆರಳಿಗೆ ಬಂತು.

ಜೀಪಿನ ಬ್ಯಾಟರಿಯನ್ನೇ ಬಿಚ್ಚಿ ಹೊತ್ತು ತಂದು ರಿಗ್ ಪಕ್ಕ ಇಟ್ಟೆವು. ರಿಗ್ ಜೊತೆ ಬಂದ ದಪ್ಪ ಕೇಬಲ್ ಒಂದೇ, ಮಧ್ಯೆ ಏನೂ ಇಲ್ಲ. 100 ವಾಟಿನಲ್ಲಿ ಎಷ್ಟು ಕೂಗಿದರೂ 11.8ರ ಕೆಳಗೆ ಇಳಿಯಲಿಲ್ಲ. ಮೈಸೂರು, ಬೆಂಗಳೂರು, ಉಡುಪಿ ಎಲ್ಲ ಸಿಕ್ಕರು. ಕಿವಿ ಅವರಿಗೆ ಒಂದು ಕಾಫಿ ಬಾಕಿ.

ಆದರೆ ಸಂಜೆ ಆರರ ಮೇಲೆ ಹೊಸ ಕಾಟ. 40 ಮೀಟರ್ ತುಂಬ ಟಿಕ್, ಟಿಕ್, ಟಿಕ್. ಸೆಕೆಂಡಿಗೊಂದು, ಗಡಿಯಾರದ ಹಾಗೆ. ಸಿಗ್ನಲ್ ಮೀಟರಿನಲ್ಲಿ ಎಸ್ 7, ಜೋರಾಗೇ.

ಸೋಲ್ಡರ್ ವಾಸನೆ
ಪವರ್ ಸಪ್ಲೈ ಇರಬೇಕು.

ಮಂಜಿನೂರು
ಅಲ್ಲಿ ಬ್ಯಾಟರಿ ಮೇಲೆ ನಡೆಸಿದ್ದು ಸರ್.

ತೋಟದ ರೈಟರ್
ಇದು ನನಗೆ ಗೊತ್ತು. ಆನೆ ಬೇಲಿ. ಸೋಲಾರ್ ಬೇಲಿಯನ್ನು ಸಂಜೆ ಆನ್ ಮಾಡುತ್ತೇವೆ, ಸೆಕೆಂಡಿಗೊಮ್ಮೆ ಶಾಕ್ ಬಿಡುತ್ತೆ. ಎಲ್ಲೋ ಹಸಿ ಸೊಪ್ಪು ತಂತಿಗೆ ತಾಗಿ ಕಿಡಿ ಹಾರ್ತಿದೆ. ನನ್ನ ಟ್ರಾನ್ಸಿಸ್ಟರ್‌ನಲ್ಲೂ ಹಾಗೇ ಬರುತ್ತೆ. ಅದನ್ನು ಹಿಡಿದು ಬೇಲಿ ಪಕ್ಕ ನಡೆಯಿರಿ, ಜೋರಾಗಿ ಕೇಳಿದ ಕಡೆ ಸೊಪ್ಪು ಸವರಿದರೆ ಆಯಿತು. ಬೇಲಿ ಆಫ್ ಮಾಡಿ ಸವರಿ ಮತ್ತೆ! ಕೆಲಸ ಆದ ಮೇಲೆ ಆನ್ ಮಾಡೋದು ಮರೀಬೇಡಿ.

ಗೋಣಿಕೊಪ್ಪದ ಕಿವಿ
ಅಲ್ಲಿಯವರೆಗೆ ರಿಗ್‌ನ ನಾಯ್ಸ್ ಬ್ಲಾಂಕರ್ ಆನ್ ಮಾಡಿ. ಇಂಥ ಟಿಕ್ ಟಿಕ್‌ಗೇ ಅದು ಇರೋದು.

ಮಂಜಿನೂರು
ಅಲ್ಲೇ ಮಾಡಿ ನೋಡಿದ್ದೆ, ಅರ್ಧ ಕಮ್ಮಿ ಆಯಿತು. ಬೇಲಿ ಸುತ್ತೋಕೆ ಬರುವ ಶನಿವಾರ ಸಂಜೆ ಯಾರು ಬರ್ತೀರಿ? ಮೊನ್ನೆ ಅಲ್ಲೇ ಕೆಳಗೆ ಹೊಸ ಲದ್ದಿ ಬಿದ್ದಿತ್ತಂತೆ, ಒಬ್ಬನೇ ಹೋಗಲ್ಲ.

ಕುಶಾಲನಗರ ಬಿದಿರು
ಶನಿವಾರ ನಮ್ಮ ಮನೇಲಿ ಪೂಜೆ.

ಸೋಲ್ಡರ್ ವಾಸನೆ
ನನಗೆ ಡ್ಯೂಟಿ.

ಹಳೇ ವಾಲ್ವ್
ನಾನು ಬರ್ತಿದ್ದೆ, ಮಂಡಿ ನೋವು. ಚೋಕ್ ಹನ್ನೆರಡು ಸುತ್ತು ಮಾಡಿದ್ರಾ?