ಅಪ್‌ಡೇಟ್: ಅಮ್ಮ ಎಂಟೇ ದಿನಕ್ಕೆ ಊರಿಗೆ ಮರಳಿದರು

ಎರಡು ತಿಂಗಳ ಹಿಂದೆ ಕೇಳಿದ್ದೆ: ಅಂಗನವಾಡಿ ಕೆಲಸದಿಂದ ನಿವೃತ್ತರಾದ ಅಮ್ಮ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಒಬ್ಬರೇ ಮಂಕಾಗಿ ಕೂರುತ್ತಾರೆ, ಶಿವಮೊಗ್ಗಕ್ಕೆ ಕರೆತರಲೇ ಎಂದು. ಹೆಚ್ಚಿನವರು ‘ಕರೆತನ್ನಿ’ ಎಂದಿರಿ. ಕರೆತಂದೆ. ಎಂಟು ದಿನ ನಿಂತರು.

ಮೊಮ್ಮಗಳ ಜತೆ ಖುಷಿಯಾಗಿಯೇ ಇದ್ದರು. ಹುಣಸೆ ಬೀಜ ಹರಡಿ ಎಣಿಕೆ ಕಲಿಸಿದರು. ನಾಲ್ಕು ವರ್ಷದ ಮಗುವಿಗೆ ಕಾಪಿ ಬರೆಸುತ್ತಿದ್ದ ನನ್ನನ್ನು ಗದರಿದರು: ‘ಮೊದಲು ಮಣ್ಣು ಕಲಸಲಿ, ಬೆರಳು ಪಳಗಲಿ.’ ಆದರೆ ಮಳೆ ಜೋರಾದ ರಾತ್ರಿ ಅವರಿಗೆ ನಿದ್ದೆಯಿಲ್ಲ. ಹಳ್ಳದಾಚೆಯ ಮಕ್ಕಳನ್ನು ಕಾಲುಸಂಕ (ಮರದ ದಬ್ಬೆ ಹಾಸಿದ ಕಿರುಸೇತುವೆ) ದಾಟಿಸುವವರು ಯಾರು? ಇಷ್ಟು ವರ್ಷ ಕಂಬಳಿಕೊಪ್ಪೆ ಹೊದ್ದು ಅಲ್ಲಿ ನಿಲ್ಲುತ್ತಿದ್ದವರು ಅವರೇ. ಹೊಸ ಟೀಚರ್ ಇದ್ದಾರಲ್ಲ ಎಂದೆ. ‘ಯಾವ ದಬ್ಬೆ ಜಾರುತ್ತದೆಂದು ಅವಳಿಗೇನು ಗೊತ್ತು?’ ಎಂದರು. ಮರುದಿನವೇ ಬಸ್ ಹತ್ತಿಸಿದೆ. ಈಗ ಬೆಳಿಗ್ಗೆ ಸಂಕದ ಬಳಿ ಅವರದೇ ಪಾಳಿ. ಮಂಕು ಎಲ್ಲಿ ಹೋಯಿತೋ! ಶನಿವಾರ ಬಂತೆಂದರೆ ನನ್ನ ಮಗಳು ‘ಟೀಚರಜ್ಜಿ’ ಮನೆಗೆ ಹೊರಟು ನಿಲ್ಲುತ್ತಾಳೆ.

ಗ್ರಾಚ್ಯುಟಿ (ನಿವೃತ್ತಿಯಾದಾಗ ಒಟ್ಟಿಗೆ ಸಿಗುವ ಹಣ) ವಿಷಯ ತಿಳಿಸಿದವರಿಗೆ ವಿಶೇಷ ಧನ್ಯವಾದ. ಗೌರವಧನದವರಿಗೆ ಅದೆಲ್ಲ ಇಲ್ಲವೆಂದೇ ನಂಬಿದ್ದೆವು. ಅಂಗನವಾಡಿ ಕಾರ್ಯಕರ್ತೆಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಿಮ್ಮಿಂದಲೇ ತಿಳಿದೆವು. ಅರ್ಜಿ ಕೊಟ್ಟಿದ್ದೇವೆ. ನೇಮಕಾತಿ ಆದೇಶ ಬೇಕೆಂದರು. ಹುಡುಕಿದರೆ ಟ್ರಂಕಿನ ತಳದಲ್ಲಿತ್ತು, ಯಾವುದೋ ಮಗು ಅದರ ಹಿಂದೆ ಬಳಪದಲ್ಲಿ ಆನೆ ಬರೆದಿತ್ತು. ಗುಮಾಸ್ತರು ನಕ್ಕು ತೆಗೆದುಕೊಂಡರು.