ಸಹಾಯ ಬೇಕು: ಮುರಕಲ್ಲು ಗುಡ್ಡೆಯಲ್ಲಿ ಮೆಟಲ್ ಡಿಟೆಕ್ಟರ್ ಸುಮ್ಮನಿರುವುದೇ ಇಲ್ಲ

ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಭಾವನ ಹಳೆಯ ವಿ.ಎಲ್.ಎಫ್. (ತೀರ ಕಡಿಮೆ ಆವರ್ತನದ ಅಲೆ ಬಳಸುವ) ಡಿಟೆಕ್ಟರ್ ಈಗ ನನ್ನ ಕೈಯಲ್ಲುಂಟು. ತೋಡಿನ ಬದಿಯ ಹೊಯಿಗೆಯಲ್ಲಿ ಸರಿಯಾಗಿಯೇ ಇರುತ್ತದೆ. ಗುಡ್ಡೆ ಹತ್ತಿದರೆ ಸಾಕು, ಕೀಂ ಕೀಂ ಎಂದು ನಿಲ್ಲುವುದೇ ಇಲ್ಲ. ಮುರಕಲ್ಲಿನ ಕಬ್ಬಿಣದ ಅಂಶವೇ ಕಾರಣವೆಂದು ಗೊತ್ತು. ಗ್ರೌಂಡ್ ಬ್ಯಾಲೆನ್ಸ್ ಮಾಡಿದೆ (ನೆಲದ ಖನಿಜಕ್ಕೆ ಸದ್ದು ಮಾಡದಂತೆ ಯಂತ್ರವನ್ನು ಹೊಂದಿಸುವುದು), ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸಿದೆ. ಗದ್ದಲವೇನೋ ಕಡಿಮೆಯಾಯಿತು, ಆದರೆ ಈಗ ನಾನೇ ನಾಲ್ಕು ಬೆರಳು ಆಳದಲ್ಲಿ ಹೂತಿಟ್ಟ ಐದು ರೂಪಾಯಿಯೂ ಸಿಗುತ್ತಿಲ್ಲ! ಸಣ್ಣ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಹಾಕಿದರೆ ಪ್ರಯೋಜನ ಉಂಟಾ? ನೆಲಕ್ಕೆ ಕಾಂತ ಮಿಡಿತ ಕಳಿಸಿ ಹುಡುಕುವ ಪಲ್ಸ್ ಇಂಡಕ್ಷನ್ ಯಂತ್ರವೇ ಬೇಕಾ? ಅದು ತುಕ್ಕು ಮೊಳೆಯನ್ನೂ ಬಿಡದೆ ಅಗೆಸುತ್ತದೆ, ನನ್ನ ಸೊಂಟ ತಡೆಯಬೇಕಲ್ಲ.

ಇನ್ನೊಂದು ವಿಷಯ. ಹಳೆ ಹಟ್ಟಿಯ ಪಂಚಾಂಗದ (ಅಡಿಪಾಯದ) ಬಳಿ ತಾಮ್ರದ ನಾಣ್ಯವೊಂದು ಸಿಕ್ಕಿದೆ. ಒಂದು ಬದಿ ಆನೆ, ಇನ್ನೊಂದು ಬದಿ ಪರ್ಶಿಯನ್ ಅಕ್ಷರ. ಟಿಪ್ಪುವಿನ ಕಾಲದ್ದಿರಬೇಕು. ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅಷ್ಟು ಗೊತ್ತು. ಟಂಕಸಾಲೆಯ ಹೆಸರು ಓದಬಲ್ಲವರಿದ್ದರೆ ಫೋಟೋ ಹಾಕುತ್ತೇನೆ. ಅಮ್ಮ ಪುನರ್ಪುಳಿ ಹಾಕಿ ಉಜ್ಜಲು ಹೊರಟಿದ್ದರು, ಓಡಿಹೋಗಿ ಕಸಿದುಕೊಂಡೆ. ಹುಳಿ ತಾಗಿದರೆ ಹಸಿರು ಪದರದ ಜತೆ ಅಕ್ಷರವೂ ಸವೆದೀತು.

ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ಉಂಟಲ್ಲ, ಒಂದೇ ನಾಣ್ಯಕ್ಕೂ ಅರ್ಜಿ ಕೊಟ್ಟವರು ನಮ್ಮ ಕಾಸರಗೋಡಿನಲ್ಲಿ ಇದ್ದೀರಾ? ವಿಲ್ಲೇಜ್ ಆಫೀಸಿಗೆ ಹೋಗುವುದಾ, ನೇರ ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗಾ?

ಬೇಕಲ ಕೋಟೆ ಕಡೆ ಹುಡುಕು ಎನ್ನುವವರು ದಯವಿಟ್ಟು ಬೇಡ. ಅದು ಸಂರಕ್ಷಿತ ಸ್ಮಾರಕ; ನನ್ನ ಹುಡುಕಾಟ ನಮ್ಮ ಬೇಲಿಯ ಒಳಗೆ ಮಾತ್ರ.