ಮಂಡಿ ನೋವಿಗೂ ತೂಕಕ್ಕೂ ಸಂಬಂಧ ಇದೆಯಾ?

ಅಂಗಡಿಯವನು, ತುಮಕೂರು:
ದಿನಸಿ ಅಂಗಡಿ ಇಟ್ಟಿದ್ದೇನೆ. ವಯಸ್ಸು 46, ಎತ್ತರ ಐದೂವರೆ ಅಡಿ, ತೂಕ 84 ಕೆಜಿ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾ ಮುಂದೆ ಕೂತೇ ಇರುತ್ತೇನೆ. ಹೋದ ವಾರ ಸಿದ್ಧಗಂಗೆ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲೇ ಮಂಡಿ ಹಿಡಿದುಕೊಂಡಿತು. ಮಗಳು ಮೇಲಿನ ಮೆಟ್ಟಿಲಲ್ಲಿ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು. ತುಂಬಾ ಬೇಜಾರಾಯಿತು. ಎಲ್ಲಿಂದ ಶುರು ಮಾಡಲಿ?

ಕೆರೆ ಏರಿ:
ಸಂಬಂಧ ಖಂಡಿತ ಇದೆ ಅಣ್ಣಾ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ನಾನೂ 88 ಇದ್ದೆ. ಅಮಾನಿಕೆರೆ ಹತ್ತಿರ ದಿನಾ ಅರ್ಧ ಗಂಟೆ ನಡೆದೆ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದಾಯಿತು, ಬಸ್ಸಾರಿನ ಪಲ್ಯ ಜಾಸ್ತಿಯಾಯಿತು. ಎಂಟು ತಿಂಗಳಿಗೆ 80. ಬಿಪಿನೂ ಇಳಿಯಿತು.

ತಿಪಟೂರಿನವಳು:
ತೂಕ ಒಂದೇ ನೋಡಬೇಡಿ, ಹೊಟ್ಟೆ ಸುತ್ತಳತೆನೂ ನೋಡಿ. ನಮ್ಮ ಕಡೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಶುಗರ್, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ನಮ್ಮಪ್ಪನ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಶುಗರ್ ಬಂದೇಬಿಟ್ಟಿತು. ಮೊದಲು ಡಾಕ್ಟರಿಗೆ ಮಂಡಿ ತೋರಿಸಿ, ಶುಗರ್, ಬಿಪಿನೂ ನೋಡಿಸಿ. ಗಂಟೆಗೊಮ್ಮೆ ಗಲ್ಲಾ ಬಿಟ್ಟು ಎದ್ದೇಳಿ.

ಅಂಗಡಿಯವನು:
ಈಗಷ್ಟೇ ಪೊಟ್ಟಣ ಕಟ್ಟುವ ದಾರದಲ್ಲಿ ಅಳೆದೆ. 102! ನಾಳೆ ಬೆಳಿಗ್ಗೆ ಐದೂವರೆಗೆ ಅಮಾನಿಕೆರೆಗೆ ಬರುತ್ತೇನೆ ಅಣ್ಣಾ.